ಕೋವಿ ಕೆಳಗಿಟ್ಟ ಮೇಲೆ

ಕೊಡಗು, ಸಕಲೇಶಪುರ, ಮೂಡಿಗೆರೆ, ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಲ್ಲಿ ಕೋವಿ ಇರುವುದು ಹೊಸ ಸಂಗತಿಯೇನಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇದ್ದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ರಾಜ್ಯ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಉಳಿದವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಗತಿ. ಬೆಳೆ ಕಾಯಲು ಮದ್ದು ತುಂಬುವ ಕೇಪಿನ ಕೋವಿ, ರಕ್ಷಣೆಗೆಂದು ಒಂಟಿ ನಳಿಕೆಯದೋ ಜೋಡಿ ನಳಿಕೆಯದೋ ತೋಟೆ ಕೋವಿ. ಅದು ಮನೆಗೆ ಬರುವ ತನಕ ಸರ್ಕಾರ ಕೇಳದ ಕಾಗದವಿಲ್ಲ, ಬಂದ ಮೇಲೂ ಚುನಾವಣೆ ಘೋಷಣೆಯಾದರೆ ಸಾಕು, ಹೆಚ್ಚಾಗಿ ಠಾಣೆಗೆ ಹೊತ್ತೊಯ್ದು ಠೇವಣಿ ಇಡಬೇಕಾಗುತ್ತದೆ. ಇಷ್ಟೆಲ್ಲ ವಿಚಾರಿಸುವ ವ್ಯವಸ್ಥೆ ಒಂದು ಮಾತನ್ನು ಮಾತ್ರ ಎಲ್ಲೂ ಹೇಳಿಕೊಡುವುದಿಲ್ಲ: ಒಂದು ರಾತ್ರಿ ಆ ಕೋವಿಯನ್ನು ಮನುಷ್ಯನ ಕಡೆಗೆ ತಿರುಗಿಸಲೇಬೇಕಾಗಿ ಬಂದರೆ, ಗುಂಡು ಹಾರಿದ ಮರುಗಳಿಗೆಯಿಂದ ಆ ಮನೆಯವರು ಏನು ಮಾಡಬೇಕು? ನಮ್ಮ ಕಾನೂನು ಆತ್ಮರಕ್ಷಣೆಗೆ ಕೊಟ್ಟಿರುವ ಹಕ್ಕು ಜನ ಎಣಿಸಿರುವುದಕ್ಕಿಂತ ಉದಾರವಾದದ್ದು. ಅದು ಕೈಜಾರುವ ಅಪಾಯ ಹೆಚ್ಚಿರುವುದು ಗುಂಡು ಹಾರಿಸಿದ ನಂತರದ ಕೆಲವು ಗಂಟೆಗಳಲ್ಲಿ, ಹೆದರಿಕೆಯಿಂದ ಮಾಡುವ ಎಡವಟ್ಟುಗಳಲ್ಲಿ ಎಂಬುದು ಈ ಲೇಖನದ ವಾದ.

ಹಕ್ಕು ಎಷ್ಟು ಉದಾರವಾದದ್ದು ಎಂಬುದನ್ನು ನೋಡಲು ಗಣರಾಜ್ಯದ ಆರಂಭದ ದಿನಗಳ ಒಂದು ಪ್ರಕರಣ ಸಾಕು. 1950ರ ಮಾರ್ಚಿನಲ್ಲಿ ಮಧ್ಯಪ್ರದೇಶದ ಕಟ್ನಿಯಲ್ಲಿ ಕೋಮುಗಲಭೆ ಎದ್ದಿತ್ತು. ಅಮ್ಜದ್ ಖಾನ್ ಎಂಬ ವ್ಯಾಪಾರಿಯ ಅಂಗಡಿಯೂ ಅವನ ಅಣ್ಣನ ಅಂಗಡಿಯೂ ಒಂದೇ ಕಟ್ಟಡದಲ್ಲಿದ್ದವು. ಗುಂಪು ಅಣ್ಣನ ಭಾಗಕ್ಕೆ ನುಗ್ಗಿ ಲೂಟಿ ಮಾಡಿತು. ನಡುಗೋಡೆಯ ಕಿಂಡಿಯಿಂದ ಈಚೆ ಬಂದ ತಾಯಿ ಆ ಸುದ್ದಿ ಹೇಳುತ್ತಿರುವಾಗಲೇ ಇವನ ಬಾಗಿಲ ಮೇಲೂ ಲಾಠಿ ಏಟು ಬೀಳತೊಡಗಿತು. ಒಳಗೆ ಹೆಂಗಸರು, ಮಕ್ಕಳು. ಅವನು ಎರಡು ಗುಂಡು ಹಾರಿಸಿದ. ಒಬ್ಬ ಸತ್ತ, ಕೆಲವರು ಗಾಯಗೊಂಡರು. ಕೆಳಗಿನ ನ್ಯಾಯಾಲಯಗಳು ಅವನನ್ನು ತಪ್ಪಿತಸ್ಥನೆಂದವು. ಗುಂಪು ಅವನ ಬಾಗಿಲನ್ನು ಇನ್ನೂ ಮುರಿದಿರಲಿಲ್ಲವಲ್ಲ ಎಂಬ ತಕರಾರಿತ್ತು. 1952ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಆ ವಾದವನ್ನು ಒಪ್ಪದೆ ಅವನನ್ನು ಬಿಡುಗಡೆ ಮಾಡಿದರು. ಪಕ್ಕದ ಅಂಗಡಿಗೆ ಆದ ಗತಿ ಕಣ್ಣೆದುರೇ ಇರುವಾಗ, ಬಾಗಿಲು ಮುರಿದು ಒಳಬರಲಿ ಎಂದು ಕಾದು ಕೂರು ಎನ್ನುವುದು ಕಾನೂನಿನ ಮಾತಲ್ಲ ಎಂಬುದು ಅವರ ತರ್ಕ. ಪ್ರಾಣಭಯದಲ್ಲಿರುವವನ ನಡೆಯನ್ನು ಚಿನ್ನ ತೂಗುವ ತಕ್ಕಡಿಗೆ ಹಾಕಬಾರದು ಎಂಬ ಅರ್ಥದ ಮಾತು ಅಲ್ಲಿಂದೀಚೆಗೆ ತೀರ್ಪಿನಿಂದ ತೀರ್ಪಿಗೆ ಸಾಗಿ ಬಂದಿದೆ. ದಾಳಿಗೊಳಗಾದವನು ಹೇಡಿಯಂತೆ ಓಡಿಹೋಗಬೇಕೆಂದು ಕಾನೂನು ಬಯಸುವುದಿಲ್ಲ ಎಂಬುದನ್ನೂ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಹಕ್ಕು 34ರಿಂದ 44ನೇ ಕಲಮಿನವರೆಗೆ ಇದೆ. ಹಳೆಯ ದಂಡಸಂಹಿತೆಯ 96ರಿಂದ 106ನೇ ಕಲಮುಗಳ ಸಾರವೇ ಅದು. ಕೊಲ್ಲುವ ಮಟ್ಟಕ್ಕೂ ಹೋಗಬಹುದಾದ ಸಂದರ್ಭಗಳನ್ನು ಅಲ್ಲಿ ಎಣಿಸಿ ಹೇಳಿದೆ: ಸಾವಿನ ಅಥವಾ ತೀವ್ರ ಗಾಯದ ಭಯ ಹುಟ್ಟಿಸುವ ಹಲ್ಲೆ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ ಮೊದಲಾದವು. ಆಸ್ತಿಯ ವಿಷಯದಲ್ಲಾದರೆ ಸುಲಿಗೆ, ಸೂರ್ಯ ಮುಳುಗಿದ ಮೇಲೆ ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿ ಹಚ್ಚುವುದು. ಅಡಿಕೆ ಕೊನೆ ಕಡಿಯುವ, ಕಾಳುಮೆಣಸು ಕದಿಯುವ ಕಳ್ಳ ಈ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ತೋಟದವರು ಚೆನ್ನಾಗಿ ನೆನಪಿಡಬೇಕು. ಬರೀ ಕಳ್ಳತನವನ್ನು ತಡೆಯಲು ಬಲ ಬಳಸಬಹುದು, ಪ್ರಾಣ ತೆಗೆಯುವಂತಿಲ್ಲ. ಆ ಕಳ್ಳತನ ನಡೆಯುವ ರೀತಿಯೇ ಜೀವಭಯ ಹುಟ್ಟಿಸುವಂತಿದ್ದರೆ ಮಾತ್ರ ಮಾತು ಬೇರೆ. ಮೂಟೆ ಬಿಸಾಕಿ ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಅದು ರಕ್ಷಣೆ ಎನಿಸುವುದಿಲ್ಲ, ಏಕೆಂದರೆ ಭಯ ಮುಗಿದಲ್ಲಿಗೆ ಹಕ್ಕೂ ಮುಗಿಯುತ್ತದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ, ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂಬ ಎರಡು ಬೇಲಿಗಳು 37ನೇ ಕಲಮಿನಲ್ಲಿವೆ. ಬೇಲಿ ದಾಟಿದರೂ ಸದ್ಭಾವನೆಯಿಂದ ದಾಟಿದ್ದರೆ ಅದು ಕೊಲೆಯಾಗದೆ ಕೊಲೆಯಲ್ಲದ ಅಪರಾಧಿಕ ನರಹತ್ಯೆಗೆ ಇಳಿಯಬಹುದು. ಅದಕ್ಕೂ ಹತ್ತು ವರ್ಷದವರೆಗೆ, ಕೆಲವೊಮ್ಮೆ ಜೀವಾವಧಿವರೆಗೆ ಶಿಕ್ಷೆಯುಂಟು.

ಅಮೆರಿಕದ ವಿಡಿಯೊಗಳನ್ನು ನೋಡಿ ಕಾನೂನು ಕಲಿಯುವವರು ಈಗ ಹೆಚ್ಚಾಗಿರುವುದರಿಂದ ಒಂದು ಎಚ್ಚರಿಕೆ. ಕನ್ನಡಿಗರು ಸಾಕಷ್ಟು ಸಂಖ್ಯೆಯಲ್ಲಿ ನೆಲೆಸಿರುವ ಟೆಕ್ಸಾಸಿನಲ್ಲಿ ರಾತ್ರಿ ಹೊತ್ತಿನ ಕಳ್ಳತನ ತಡೆಯಲು ಕೆಲವು ಷರತ್ತುಗಳಡಿ ಮಾರಕ ಬಲ ಬಳಸಲು ಅಲ್ಲಿನ ದಂಡಸಂಹಿತೆಯೇ ಅವಕಾಶ ಕೊಡುತ್ತದೆ. ಅಲ್ಲಿರುವ ಭಾವಮೈದುನ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಮಾಡಿದರೆ ನೇರ ಜೈಲು.

ಇನ್ನು ಮುಖ್ಯ ವಿಷಯ. ಆತ್ಮರಕ್ಷಣೆಗಾಗಿ ಮಾಡಿದೆ ಎಂಬುದನ್ನು ತೋರಿಸುವ ಹೊಣೆ ಯಾರದು? ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನ ಪ್ರಕಾರ ಆರೋಪಿಯದೇ. ಅಪರಾಧವನ್ನು ಸಾಬೀತುಪಡಿಸಬೇಕಾದ ಸರ್ಕಾರದ ಹೊಣೆ ಹಾಗೇ ಇದ್ದರೂ, ವಿನಾಯಿತಿ ಬೇಕೆನ್ನುವವನು ಅದಕ್ಕೆ ಆಧಾರ ಒದಗಿಸಬೇಕು. ಅನ್ಯಾಯ ಅನಿಸಬಹುದು, ಆದರೆ ನ್ಯಾಯಾಲಯಗಳು ಈ ಹೊರೆಯನ್ನು ಸಾಕಷ್ಟು ಹಗುರಗೊಳಿಸಿವೆ. 1967ರ ಮುನ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಸಂಶಯಾತೀತ ಪುರಾವೆ ಬೇಡ, ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿದರೆ ಸಾಕು, ಅದಕ್ಕೆ ತನ್ನದೇ ಸಾಕ್ಷಿ ಕರೆಸಬೇಕೆಂದೂ ಇಲ್ಲ, ಸರ್ಕಾರಿ ಪಕ್ಷದ ಸಾಕ್ಷಿಗಳ ಬಾಯಿಂದಲೇ ಅದು ಹೊರಬರಬಹುದು, ಆರೋಪಿ ಆತ್ಮರಕ್ಷಣೆಯ ಮಾತೆತ್ತದಿದ್ದರೂ ದಾಖಲೆಯಲ್ಲಿ ಕಂಡುಬಂದರೆ ನ್ಯಾಯಾಲಯ ಅದನ್ನು ಪರಿಗಣಿಸಬಹುದು. 'ದಾಖಲೆಯಲ್ಲಿ ಕಂಡುಬಂದರೆ' ಎಂಬಲ್ಲೇ ಇಡೀ ಪ್ರಕರಣ ನಿಂತಿದೆ. ಆ ದಾಖಲೆ ಹುಟ್ಟುವುದು ಸ್ಥಳ ಮಹಜರಿನಲ್ಲಿ, ಮರಣೋತ್ತರ ಪರೀಕ್ಷೆಯ ವರದಿಯಲ್ಲಿ, ಗಾಯದ ಪ್ರಮಾಣಪತ್ರದಲ್ಲಿ, ಮೊದಲ ಫೋನ್ ಕರೆಯ ಸಮಯದಲ್ಲಿ. ವರ್ಷಗಟ್ಟಲೆ ತಡವಾಗಿ ಬರುವ ವಿಚಾರಣೆಯಲ್ಲಿ ವಕೀಲರು ಎಷ್ಟೇ ಜಾಣರಿರಲಿ, ಆ ರಾತ್ರಿ ದಾಖಲಾಗದೇ ಹೋದದ್ದನ್ನು ಹುಟ್ಟಿಸಲಾರರು.

ಇಂಥ ಹೊತ್ತಿನಲ್ಲಿ ಊರಕಟ್ಟೆಯಿಂದ ಬರುವ ಸಲಹೆಗಳು ಎಲ್ಲರಿಗೂ ಗೊತ್ತಿರುವಂಥವೇ. ಅಂಗಳದಲ್ಲಿ ಬಿದ್ದವನನ್ನು ಒಳಗೆ ಎಳೆದು ಹಾಕು. ಅವನ ಕೈಗೊಂದು ಕತ್ತಿ ಕೊಡು. ಕೋವಿ ತೊಳೆದು ಅಟ್ಟಕ್ಕೆ ಹಾಕು. ಆಳೊಬ್ಬನ ಕೈಯಿಂದ ತಪ್ಪಿ ಹಾರಿತು ಅನ್ನು. ಒಂದು ವಾರ ಎಲ್ಲಾದರೂ ಹೋಗಿಬಾ, ಅಷ್ಟರಲ್ಲಿ ನಾವು ಸರಿಮಾಡುತ್ತೇವೆ. ಇವುಗಳಲ್ಲಿ ಒಂದಕ್ಕೂ ಅಗತ್ಯವಿಲ್ಲ. ಹೊಸಿಲಿನ ಆಚೆಯೋ ಈಚೆಯೋ ಎಂಬುದರ ಮೇಲೆ ನಮ್ಮ ಕಾನೂನು ಪ್ರಾಣರಕ್ಷಣೆಯ ಹಕ್ಕನ್ನು ಅಳೆಯುವುದೇ ಇಲ್ಲ. ಅದು ಕೇಳುವುದು ಜೀವಭಯ ನಿಜವಾಗಿತ್ತೇ, ಅದಕ್ಕೆ ಕಾರಣವಿತ್ತೇ ಎಂದು. ಅಂಗಳದಲ್ಲಿ ಕತ್ತಿ ಎತ್ತಿ ಬಂದವನ ಮೇಲೆ ಗುಂಡು ಹಾರಿಸುವ ಹಕ್ಕು ಇದ್ದವನು ಅವನನ್ನು ಒಳಗೆ ಎಳೆದರೆ, ನೆಲದ ಮೇಲೆ ರಕ್ತ ಒರೆಸಿದ ಜಾಡು, ಹೆಣದ ಹಿಮ್ಮಡಿಯ ತರಚು ಸೇರಿ ಬೇರೆಯೇ ಕಥೆ ಹೇಳುತ್ತವೆ. ಸಾಕ್ಷ್ಯ ನಾಶ ನ್ಯಾಯ ಸಂಹಿತೆಯ 238ನೇ ಕಲಮಿನಡಿ ಪ್ರತ್ಯೇಕ ಅಪರಾಧ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಒಂದು ಸುಳ್ಳು ಸಿಕ್ಕಿಬಿದ್ದ ಮೇಲೆ ಉಳಿದ ನಿಜವನ್ನೂ ನ್ಯಾಯಾಧೀಶರು ನಂಬದೇ ಹೋಗುವುದು. ತಪ್ಪಿ ಹಾರಿತು ಎನ್ನುವವನು ಬೇಕೆಂದೇ ರಕ್ಷಣೆಗಾಗಿ ಹಾರಿಸಿದೆ ಎಂಬ ತನ್ನ ಬಲವಾದ ವಾದವನ್ನು ತಾನೇ ಕೈಬಿಟ್ಟ ಹಾಗೆ.

ನಿಜ ನಡೆದಿದ್ದರೆ ವಸ್ತುಗಳೇ ಅದನ್ನು ಹೇಳುತ್ತವೆ, ಹೇಗೆಂದು ನೋಡಿ. ಚರೆ ತುಂಬಿದ ತೋಟೆ ಒಂದೆರಡು ಅಡಿ ದೂರದಿಂದ ಹಾರಿದರೆ ಗಾಯದ ಸುತ್ತ ಮಸಿ, ಸುಟ್ಟ ಗುರುತು, ಮದ್ದಿನ ಕಣ ಚುಚ್ಚಿದ ಚುಕ್ಕೆಗಳು ಕಾಣುತ್ತವೆ. ಚರೆ ಒಟ್ಟಾಗಿ ಒಂದೇ ತೂತು ಮಾಡಿರುತ್ತದೆ. ದೂರ ಹೆಚ್ಚಿದಂತೆ ಮಸಿ ಮಾಯವಾಗುತ್ತದೆ, ಚರೆ ಹರಡುತ್ತ ಹೋಗುತ್ತದೆ. ಎಷ್ಟು ಹರಡುತ್ತದೆ ಎಂಬುದು ಕೋವಿಯಿಂದ ಕೋವಿಗೆ, ತೋಟೆಯಿಂದ ತೋಟೆಗೆ ಬೇರೆ. ಹಾಗಾಗಿ ಪ್ರಯೋಗಾಲಯದವರು ಅದೇ ಕೋವಿಯಲ್ಲಿ ಅದೇ ಬಗೆಯ ತೋಟೆ ಹಾಕಿ ಬೇರೆ ಬೇರೆ ದೂರದಿಂದ ಹೊಡೆದು ಹೋಲಿಸುತ್ತಾರೆ. ಎರಗಿ ಬಂದವನು ನಾಲ್ಕು ಮಾರು ದೂರದಲ್ಲಿದ್ದ ಎಂಬ ಮನೆಯವನ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗದು. ಕೋವಿಯನ್ನು ಹೊಳೆಗೆ ಎಸೆದವನು ಆ ಸಾಕ್ಷಿಯನ್ನೂ ಎಸೆದಂತೆ. ಒಂಟಿ ನಳಿಕೆಯ ಕೋವಿಯಲ್ಲಿ ಎರಡನೇ ಗುಂಡು ಹಾರಿಸಬೇಕಾದರೆ ನಳಿಕೆ ಬಗ್ಗಿಸಿ, ಖಾಲಿ ತೋಟೆ ಕಿತ್ತು, ಹೊಸದನ್ನು ಹಾಕಿ, ಮುಚ್ಚಿ, ಕುದುರೆ ಎಳೆಯಬೇಕು. ಆ ಕೆಲವು ಸೆಕೆಂಡುಗಳಲ್ಲಿ ಎದುರಿಗಿದ್ದವನು ಏನು ಮಾಡುತ್ತಿದ್ದ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಬಂದೇ ಬರುತ್ತದೆ. ಖಾಲಿ ತೋಟೆ ಬಿದ್ದ ಜಾಗ, ಎರಡನೇ ಗಾಯ ಎದೆಯಲ್ಲಿದೆಯೋ ಬೆನ್ನಲ್ಲಿದೆಯೋ ಎಂಬುದೇ ಅದಕ್ಕೆ ಉತ್ತರ. ಆದ್ದರಿಂದ ಗಂಡಾಂತರ ಕಳೆದ ಮೇಲೆ ಕೋವಿಯನ್ನು ಯಾರ ಕೈಗೂ ಎಟುಕದ ಹಾಗೆ ಕೆಳಗಿಡಬೇಕು. ಇನ್ನೊಂದು ನಳಿಕೆಯಲ್ಲಿ ತೋಟೆ ಉಳಿದಿದ್ದರೆ ಪೊಲೀಸರಿಗೆ ಮೊದಲೇ ಹೇಳಬೇಕು. ಒರೆಸುವುದು, ತೊಳೆಯುವುದು ಬೇಡ. ಕೈ ತೊಳೆದರೆ ಮದ್ದಿನ ಶೇಷ ಹೋಗುತ್ತದೆ, ಹರಿದ ಅಂಗಿ ಬದಲಿಸಿ ಒಗೆಯಲು ಹಾಕಿದರೆ ಎಳೆದಾಟದ ಗುರುತು ಹೋಗುತ್ತದೆ. ಅಂಗಳದ ದೀಪ ಉರಿಯುತ್ತಿತ್ತೇ ಎಂಬುದು ಕೂಡ ಮಹಜರಿನಲ್ಲಿ ಬರಲಿ. ಸಿಸಿ ಕ್ಯಾಮೆರಾ ಇದ್ದರೆ ಅದರ ಪೆಟ್ಟಿಗೆಯನ್ನು ಪೊಲೀಸರು ಜಪ್ತಿ ಮಾಡುವಂತೆ ಕೇಳಿ, ಏಕೆಂದರೆ ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ಬರೆದುಕೊಳ್ಳುತ್ತದೆ.

ಮನೆಯವರ ಮೈಮೇಲಿನ ಗಾಯಗಳ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಗುಂಡು ತಗುಲಿದವನ ಗಾಯ ಎಲ್ಲರಿಗೂ ಕಾಣುತ್ತದೆ. ಗುಂಡು ಹಾರಿಸಿದವನ ತಲೆಯ ಮೇಲಿನ ದೊಣ್ಣೆ ಏಟಿಗೆ ಅರಿಶಿನ ಹಚ್ಚಿ ಸುಮ್ಮನಾಗುತ್ತಾರೆ. 1976ರ ಲಕ್ಷ್ಮಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೆಂದರೆ, ಘಟನೆಯ ಹೊತ್ತಿನಲ್ಲೇ ಆರೋಪಿಗೆ ಆದ ಗಂಭೀರ ಗಾಯಗಳಿಗೆ ಸರ್ಕಾರಿ ಪಕ್ಷ ವಿವರಣೆ ಕೊಡದಿದ್ದರೆ, ಅದು ಜಗಳದ ನಿಜವಾದ ಮೂಲವನ್ನು ಮುಚ್ಚಿಡುತ್ತಿದೆ ಎಂದು ತಿಳಿಯಬಹುದು. ಅದೇ ಗಾಯ ಆಸ್ಪತ್ರೆಯ ದಾಖಲೆಯಲ್ಲಿ ಇಲ್ಲದಿದ್ದರೆ ಈ ತೀರ್ಪಿನಿಂದ ಏನು ಪ್ರಯೋಜನ? ಬಂಧನವಾದ ಕೂಡಲೇ ಸರ್ಕಾರಿ ವೈದ್ಯರಿಂದ ತಪಾಸಣೆ ಮಾಡಿಸಿ ಗಾಯಗಳನ್ನು ಬರೆಸಬೇಕೆಂದು ಹಳೆಯ ದಂಡಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಂ ಹೇಳುತ್ತದೆ. ತರಚು ಗಾಯವನ್ನೂ ತೋರಿಸಿ, ಹೇಗಾಯಿತೆಂದು ಹೇಳಿ ಬರೆಸಿಕೊಳ್ಳುವುದು ಹಕ್ಕು.

ಮೊದಲ ಫೋನ್ 112ಕ್ಕೆ ಹೋಗಬೇಕು. ಯಾರು ಮೊದಲು ಠಾಣೆಗೆ ತಿಳಿಸಿದರು, ಎಷ್ಟು ಬೇಗ ತಿಳಿಸಿದರು ಎಂಬುದನ್ನು ನ್ಯಾಯಾಲಯ ನಡವಳಿಕೆಯ ಸಾಕ್ಷ್ಯವಾಗಿ ನೋಡುತ್ತದೆ, ಓಡಿಹೋದವನ ಓಟವನ್ನು ನೋಡುವ ಹಾಗೆಯೇ. ಮನೆಗೆ ನುಗ್ಗಿದರು, ಹಲ್ಲೆ ಮಾಡಿದರು, ಜೀವ ಉಳಿಸಿಕೊಳ್ಳಲು ಗುಂಡು ಹಾರಿಸಬೇಕಾಯಿತು, ಗಾಯವಾಗಿದೆ, ಆಂಬುಲೆನ್ಸ್ ಬೇಕು, ಕೋವಿ ಕೆಳಗಿಟ್ಟಿದ್ದೇನೆ: ಇಷ್ಟು ಸಾಕು. ಆಂಬುಲೆನ್ಸ್ ಕೇಳುವುದು ಮನುಷ್ಯತ್ವ. ಕಾನೂನಿನ ದೃಷ್ಟಿಯಿಂದಲೂ ಅದಕ್ಕೆ ತೂಕವಿದೆ. ರಕ್ಷಣೆ ಬೇಕಾಗಿದ್ದವನು ದಾಳಿ ನಿಂತ ಮೇಲೆ ಎದುರಾಳಿ ಬದುಕಲಿ ಎನ್ನುತ್ತಾನೆ, ಸೇಡು ಬೇಕಾಗಿದ್ದವನು ನೀರೂ ಕೊಡದೆ ನೋಡುತ್ತ ನಿಲ್ಲುತ್ತಾನೆ. ಪೊಲೀಸರು ಬಂದ ಮೇಲೆ ಮುರಿದ ಬಾಗಿಲು, ಬಿದ್ದ ಕತ್ತಿ, ಕಂಡವರು ಯಾರು ಎಂಬುದನ್ನು ತೋರಿಸಬೇಕು. ವಿವರವಾದ ಹೇಳಿಕೆಯನ್ನು ವಕೀಲರೊಂದಿಗೆ ಮಾತಾಡಿ ಕೊಡುತ್ತೇನೆ ಎಂದು ಹೇಳಿ ಅಲ್ಲಿಗೆ ನಿಲ್ಲಿಸಬೇಕು.

ಇಲ್ಲಿ ಅನುಭವಿ ವಕೀಲರೇ ಒಂದು ಆಕ್ಷೇಪ ಎತ್ತುತ್ತಾರೆ: ಬಾಯಿ ಬಿಟ್ಟರೆ ಕೆಟ್ಟಿರಿ, ಒಂದಕ್ಷರವೂ ಆಡಬೇಡಿ. ಈ ಮಾತಿನ ಹಿಂದೆ ಕಾರಣವಿದೆ. ಸಂವಿಧಾನದ 20(3)ನೇ ವಿಧಿ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲವಂತ ಮಾಡಬಾರದು ಎನ್ನುತ್ತದೆ. 1978ರ ನಂದಿನಿ ಸತ್ಪತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ರಕ್ಷಣೆ ಪೊಲೀಸ್ ವಿಚಾರಣೆಗೂ ಸಲ್ಲುತ್ತದೆ ಎಂದಿತು. ಗಾಬರಿಯಲ್ಲಿರುವವನ ನೆನಪು ದೂರ, ಸಮಯ, ಗುಂಡಿನ ಸಂಖ್ಯೆ ಮೂರರಲ್ಲೂ ತಪ್ಪುತ್ತದೆ. ಮೂರು ಮಾರು ಎಂದದ್ದು ಪ್ರಯೋಗಾಲಯದಲ್ಲಿ ಎಂಟು ಮಾರಾದರೆ ಪ್ರಾಮಾಣಿಕನೂ ಸುಳ್ಳುಗಾರನಾಗಿ ಕಾಣುತ್ತಾನೆ. ವಿವರಕ್ಕೆ ಇಳಿಯಬೇಡಿ ಎನ್ನುವುದಕ್ಕೆ ಇದೇ ಕಾರಣ. ಆದರೆ ಪೂರ್ತಿ ಮೌನ ನಮ್ಮ ಕಾನೂನಿನ ಚೌಕಟ್ಟಿನಲ್ಲಿ ನಷ್ಟದ ವ್ಯವಹಾರ. ರಕ್ಷಣೆಯ ವಾದಕ್ಕೆ ಆಧಾರ ಒದಗಿಸುವ ಹೊರೆ ತನ್ನ ಮೇಲಿರುವಾಗ, ಬಿದ್ದ ಕತ್ತಿಯನ್ನು ಯಾರೋ ಎತ್ತಿಕೊಂಡು ಹೋಗುವುದನ್ನು ಸುಮ್ಮನೆ ನೋಡುತ್ತ ಕೂರುವುದು ವಿವೇಕವಾಗದು. ಮೂರು ತಿಂಗಳ ನಂತರ ಮೊದಲ ಬಾರಿಗೆ ಕೇಳಿಬರುವ ಆತ್ಮರಕ್ಷಣೆಯ ಮಾತು ವಕೀಲರ ಕಚೇರಿಯಲ್ಲಿ ಹುಟ್ಟಿದ್ದು ಎಂದು ಎದುರಿನವರು ಹೇಳದೇ ಬಿಡುವರೇ? ಇನ್ನೊಂದು ಸೂಕ್ಷ್ಮವೂ ಇದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಆರೋಪಿಯೇ ಬರೆಸಿದ ಎಫ್‌ಐಆರ್ ತಪ್ಪೊಪ್ಪಿಗೆಯ ರೂಪದಲ್ಲಿದ್ದರೆ ಅದಕ್ಕೂ ಈ ನಿಷೇಧ ಅನ್ವಯಿಸುತ್ತದೆ, ಅದರಿಂದ ವಸ್ತು ಪತ್ತೆಯಾದ ಭಾಗವೊಂದನ್ನು ಬಿಟ್ಟು, ಎಂದು 1965ರ ಅಘ್ನೂ ನಾಗೇಸಿಯಾ ತೀರ್ಪು ಹೇಳಿದೆ. ಗೆಳೆಯನ ಮುಂದೆ ಆಡಿದ ಮಾತಿಗೆ ಈ ರಕ್ಷಣೆ ಇಲ್ಲ. ಆ ರಾತ್ರಿ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದ ಶೌರ್ಯದ ಧ್ವನಿಸಂದೇಶ, ಠಾಣೆಯಲ್ಲಿ ಕೊಟ್ಟ ಹೇಳಿಕೆಗಿಂತ ಎಷ್ಟೋ ಅಪಾಯಕಾರಿ.

ಎದುರು ಪಕ್ಷದವರೂ ಠಾಣೆಗೆ ಹೋಗುತ್ತಾರೆ, ಹೋಗಲಿ. ಸತ್ತವನ ಕಡೆಯವರ ದೂರಿನ ಮೇಲೆ ಕೊಲೆ ಪ್ರಕರಣ ದಾಖಲಾಗಿ, ಮನೆಯವನ ದೂರನ್ನು ಅದೇ ವಿಷಯ ತಾನೇ ಎಂದು ಪಕ್ಕಕ್ಕಿಟ್ಟರೆ ಏನು ಗತಿ? ಒಂದೇ ಘಟನೆಯ ಬಗ್ಗೆ ಎದುರಾಳಿಯ ಬೇರೆಯೇ ಕಥನವಿದ್ದರೆ ಅದನ್ನೂ ಎಫ್‌ಐಆರ್ ಆಗಿ ದಾಖಲಿಸಲು ಅಡ್ಡಿಯಿಲ್ಲ ಎಂದು 2004ರ ಉಪ್ಕಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಲಿಖಿತ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಕೊಡುವ ದಾರಿ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಇದೆ. ಇ-ಮೇಲ್ ಮಾದರಿಯ ವಿದ್ಯುನ್ಮಾನ ದೂರಿಗೂ ಈಗ ಅವಕಾಶವುಂಟು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು ಅಷ್ಟೆ. ಕೈಯಲ್ಲಿ ಕಾಸಿಲ್ಲದವರು ಉಚಿತ ವಕೀಲರಿಗಾಗಿ ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಬಹುದು.

ಲೈಸೆನ್ಸ್ ಇಲ್ಲದ ನಾಡಕೋವಿಯಿಂದ ಹಾರಿಸಿದವನ ಪಾಡೇನು? ಆತ್ಮರಕ್ಷಣೆಯ ಹಕ್ಕು ಲೈಸೆನ್ಸಿನಿಂದ ಬಂದದ್ದಲ್ಲವಾದ್ದರಿಂದ ಲೈಸೆನ್ಸ್ ಇಲ್ಲವೆಂಬ ಕಾರಣಕ್ಕೇ ಅದು ಹೋಗದು. ಆದರೆ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕರಣ ಪ್ರತ್ಯೇಕವಾಗಿ ನಡೆಯುತ್ತದೆ, ಕೊಲೆ ಆರೋಪದಿಂದ ಬಿಡುಗಡೆಯಾದರೂ ಅದರಲ್ಲಿ ಶಿಕ್ಷೆಯಾಗಬಹುದು. ಮೈಮೇಲೆ ಬಿದ್ದ ಕಾಡುಪ್ರಾಣಿಯ ಲೆಕ್ಕ ಬೇರೆ: ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಕೊಂದರೆ ಅಪರಾಧವಲ್ಲ ಎಂದು 1972ರ ವನ್ಯಜೀವಿ ಕಾಯ್ದೆಯ 11ನೇ ಕಲಂ ಹೇಳುತ್ತದೆ, ಆದರೆ ಆ ಹೊತ್ತಿನಲ್ಲಿ ಅದೇ ಕಾಯ್ದೆಯನ್ನು ಉಲ್ಲಂಘಿಸುತ್ತ ಬೇಟೆಗೆ ಹೋಗಿದ್ದವನಿಗೆ ಆ ಮಾಫಿ ಇಲ್ಲ. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಕೂಡಲೇ ಅರಣ್ಯ ಇಲಾಖೆಗೆ ತಿಳಿಸದೆ ಹೂತವನು ಬೇಟೆಗಾರನಂತೆಯೇ ಕಾಣುತ್ತಾನೆ.

ಇದೆಲ್ಲ ಕೊಲೆಗಾರನಿಗೆ ತಪ್ಪಿಸಿಕೊಳ್ಳುವ ಪಾಠ ಹೇಳಿಕೊಟ್ಟಂತಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದದ್ದಲ್ಲ. ಗದ್ದೆ ಬದುವಿನ ಜಗಳಕ್ಕೆ ಕೋವಿ ಹಿಡಿದು ಹೋಗಿ, ಹೊಡೆದು ಬಂದು, ಆಮೇಲೆ ಆತ್ಮರಕ್ಷಣೆ ಎನ್ನುವವರು ಇದ್ದೇ ಇದ್ದಾರೆ. ಆದರೆ ಮೇಲೆ ಹೇಳಿದ್ದರಲ್ಲಿ ಮುಚ್ಚಿಡುವ ಸಲಹೆ ಒಂದೂ ಇಲ್ಲ: ಬೇಗ ತಿಳಿಸು, ಕೋವಿ ಒಪ್ಪಿಸು, ಸ್ಥಳ ಕೆಡಿಸಬೇಡ, ಗಾಯ ತೋರಿಸು, ಬಿದ್ದವನಿಗೆ ಚಿಕಿತ್ಸೆ ಕೊಡಿಸು. ಬೆನ್ನಿಗೆ ಹೊಡೆದವನು ಸ್ಥಳವನ್ನು ಹಾಗೇ ಬಿಟ್ಟರೆ ಸಿಕ್ಕಿಬೀಳುವವನು ಅವನೇ. ನಿಜವಾಗಿ ರಕ್ಷಿಸಿಕೊಂಡವನಿಗೆ ನೆರವಾಗುವ ಇದೇ ನಡೆ ಸುಳ್ಳು ಹೇಳುವವನನ್ನು ಬಯಲಿಗೆಳೆಯುತ್ತದೆ. ವಕೀಲರೊಂದಿಗೆ ಮಾತಾಡಿದ ಮೇಲೆ ಹೇಳಿಕೆ ಎಂಬುದೊಂದೇ ಇಬ್ಬರಿಗೂ ಸಿಗುವ ಅನುಕೂಲ, ಅದು ಸಂವಿಧಾನ ಕೊಟ್ಟದ್ದು.

ಇದಕ್ಕಿಂತ ಕಷ್ಟದ ಆಕ್ಷೇಪ ಬೇರೆಯಿದೆ: ಎಲ್ಲ ಸರಿ ಮಾಡಿದವನೂ ಜೈಲು ಕಾಣುತ್ತಾನಲ್ಲ? ಹೌದು, ಕಾಣುತ್ತಾನೆ. ಮನುಷ್ಯ ಸತ್ತಿರುವಾಗ ಪೊಲೀಸರು ಹೆಚ್ಚಾಗಿ ಕೊಲೆ ಪ್ರಕರಣವನ್ನೇ ದಾಖಲಿಸುತ್ತಾರೆ, ಬಂಧಿಸುತ್ತಾರೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯುತ್ತಾರೆ, ಕೋವಿ ಜಪ್ತಿಯಾಗುತ್ತದೆ. ನಿರೀಕ್ಷಣಾ ಜಾಮೀನು ಕೇಳಬಹುದಾದರೂ ಕೊಲೆ ಆರೋಪದಲ್ಲಿ ಸುಲಭಕ್ಕೆ ಸಿಗದು. ಪಂಜಾಬಿನ ದರ್ಶನ್ ಸಿಂಗ್ ಪ್ರಕರಣವನ್ನೇ ನೋಡಿ. 1991ರಲ್ಲಿ ಜಮೀನಿನ ವ್ಯಾಜ್ಯದ ನಡುವೆ ತಂದೆಯ ಮೇಲೆ ಎದುರಾಳಿ ಗಂಡಾಸಿ ಎಂಬ ಕೊಡಲಿಯಂಥ ಆಯುಧದಿಂದ ಹೊಡೆದಾಗ ಮಗ ಗುಂಡು ಹಾರಿಸಿದ. ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿತು, ಹೈಕೋರ್ಟ್ ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟು ಆತ್ಮರಕ್ಷಣೆಯ ಹತ್ತು ಸೂತ್ರಗಳನ್ನು ಬರೆದಿಟ್ಟಾಗ 2010 ಬಂದಿತ್ತು. ಆ ಹತ್ತು ಸೂತ್ರಗಳನ್ನು ಇಂದು ದೇಶದ ಎಲ್ಲ ನ್ಯಾಯಾಲಯಗಳೂ ಉಲ್ಲೇಖಿಸುತ್ತವೆ. ಆ ಕುಟುಂಬಕ್ಕೆ ಅವು ಸಿಕ್ಕಿದ್ದು ಹತ್ತೊಂಬತ್ತು ವರ್ಷದ ಬೆಲೆ ತೆತ್ತು. ಇಷ್ಟು ದುಬಾರಿಯಾದ ಹಕ್ಕನ್ನು ನಂಬಿ ಪೊಲೀಸರಿಗೆ ಫೋನ್ ಮಾಡು ಎಂದರೆ ಹಳ್ಳಿಯವನು ಹಿಂಜರಿಯುವುದರಲ್ಲಿ ಆಶ್ಚರ್ಯವಿಲ್ಲ. ಆದರೂ ಪರ್ಯಾಯವೇನಿದೆ? ತಲೆಮರೆಸಿಕೊಂಡರೆ ಆ ಹತ್ತೊಂಬತ್ತು ವರ್ಷದ ಕೊನೆಗೆ ಬಿಡುಗಡೆಯ ದಾರಿಯೂ ಉಳಿಯುವುದಿಲ್ಲ.

ಹಾಗಾಗಿ ಸರ್ಕಾರದ ಮೇಲೂ ಒಂದು ಹೊಣೆ ಬೀಳುತ್ತದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೊ ಮಾಡಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಹೇಳುತ್ತದೆ. ಪೂರ್ತಿ ಜಾರಿಗೆ ರಾಜ್ಯಗಳಿಗೆ ಐದು ವರ್ಷದವರೆಗೆ ಸಮಯ ಕೊಟ್ಟಿದೆ. ಮಳೆಗಾಲದಲ್ಲಿ ಘಟ್ಟದ ಮೇಲಿನ ಅಂಗಳದ ರಕ್ತದ ಗುರುತು ಒಂದು ಜಡಿಗೆ ತೊಳೆದು ಹೋಗುತ್ತದೆ. ತಜ್ಞರು ಬೆಂಗಳೂರಿನಿಂದಲೋ ದೂರದ ಜಿಲ್ಲಾ ಕೇಂದ್ರದಿಂದಲೋ ಮರುದಿನ ಮಧ್ಯಾಹ್ನ ಬರುವ ವ್ಯವಸ್ಥೆ ಇಲ್ಲಿ ಸಾಲದು. ಕೋವಿ ಹೆಚ್ಚಿರುವ ತಾಲ್ಲೂಕುಗಳಿಗೆ ಸಂಚಾರಿ ಘಟಕ ಮೊದಲು ಬರಬೇಕು. ತಜ್ಞರು ಬರುವ ತನಕ ಅಂಗಳಕ್ಕೊಂದು ಟಾರ್ಪಾಲು ಹೊದಿಸಿ ಕಾಯುವುದನ್ನಾದರೂ ಠಾಣೆಯ ಸಿಬ್ಬಂದಿಗೆ ಕಲಿಸಬಹುದು, ಅದಕ್ಕೆ ಬಜೆಟ್ ಬೇಕಿಲ್ಲ. ಗುಂಡು ಹಾರಿಸಿದವನ ದೂರನ್ನೂ ಅದೇ ದಿನ ದಾಖಲಿಸಿ ಎಂಬ ಸುತ್ತೋಲೆ ಪೊಲೀಸ್ ಇಲಾಖೆಯಿಂದ ಹೊರಡಬೇಕು. ಇನ್ನು ಲೈಸೆನ್ಸ್ ಅಥವಾ ವಿನಾಯಿತಿ ಪತ್ರ ಕೊಡುವಾಗ ಜಿಲ್ಲಾಧಿಕಾರಿ ಕಚೇರಿ ಎರಡು ಪುಟದ ಕನ್ನಡ ಕೈಪಿಡಿಯನ್ನು ಅದಕ್ಕೆ ಲಗತ್ತಿಸಲಿ: ಹಕ್ಕು ಎಲ್ಲಿಂದ ಎಲ್ಲಿಯವರೆಗೆ, ಕಳ್ಳತನಕ್ಕೆ ಏಕೆ ಅನ್ವಯಿಸದು, ಗುಂಡು ಹಾರಿದರೆ ಮೊದಲು ಯಾರಿಗೆ ಫೋನ್, ಯಾವುದನ್ನು ಮುಟ್ಟಬಾರದು, ಉಚಿತ ವಕೀಲರ ಸಂಖ್ಯೆ ಯಾವುದು. ಲೈಸೆನ್ಸ್ ನವೀಕರಣ ಈಗ ಐದು ವರ್ಷಕ್ಕೊಮ್ಮೆ ಬರುತ್ತದೆ. ಪ್ರತಿ ಸಲವೂ ಆ ಎರಡು ಪುಟ ಓದಿಸಿ ಸಹಿ ಹಾಕಿಸಿಕೊಳ್ಳಲು ಗುಮಾಸ್ತರಿಗೆ ಹತ್ತು ನಿಮಿಷ ಸಾಕು.